ಎಣ್ಣೆಕಾಳಿನ ಹೊಲಕ್ಕೆ ಇಳಿದ ಯಂತ್ರ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಅರ್ಧ ಎಕರೆ ಕಡಲೆಕಾಯಿಯನ್ನು ಮಣ್ಣಿನೊಳಗೇ ಎರಡು ಹೋಳು ಮಾಡಿದೆ. ಹಾಗೆ ಮಾಡುತ್ತಿದ್ದೇನೆಂಬುದು ನನಗೆ ಗೊತ್ತೇ ಇರಲಿಲ್ಲ. ಟ್ರಾಕ್ಟರಿನ ಮೇಲೆ ಕೂತು ಹಾಡು ಗುನುಗುತ್ತಿದ್ದೆ.

ನಂಜನಗೂಡಿನಲ್ಲಿ ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರವೊಂದರಲ್ಲಿ ನಾನು ಆಪರೇಟರ್ ಆಗಿದ್ದವನು. ಹೆಸರು ಪುಟ್ಟಸ್ವಾಮಿ. ನಂಜನಗೂಡು ಮತ್ತು ತಿ. ನರಸೀಪುರ, ಈ ಎರಡು ತಾಲ್ಲೂಕುಗಳ ಹೊಲಗಳೇ ನನ್ನ ಕಚೇರಿ. ನಾಲೆ ಬಯಲಿನ ಭತ್ತದ ಕೆಲಸಕ್ಕೆ ನಮ್ಮಲ್ಲಿ ಹಿರಿಯರು ಪೈಪೋಟಿ ಮಾಡುತ್ತಿದ್ದರು. ಗದ್ದೆಗೆ ಯಂತ್ರ ಬಿಟ್ಟರೆ ಅದರ ಪಾಡಿಗೆ ಅದು ನಡೆಯುತ್ತದೆ ಎಂದು ಅವರ ನಂಬಿಕೆ. ಎಣ್ಣೆಕಾಳು ಎಂದರೆ ಮಾತ್ರ ಎಲ್ಲರಿಗೂ ಅವತ್ತೇ ಸೊಂಟ ನೋವು ಶುರುವಾಗುತ್ತಿತ್ತು. ಕಡಲೆಕಾಯಿ ಮಣ್ಣಿನೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಎಳ್ಳು ಮುಟ್ಟಿದರೆ ಸಿಡಿಯುತ್ತದೆ. ಸೂರ್ಯಕಾಂತಿ ತಲೆ ಬಗ್ಗಿಸಿಕೊಂಡು ನಿಂತು, ಯಂತ್ರ ಹತ್ತಿರ ಬಂದ ಕೂಡಲೇ ಕಾಳನ್ನೆಲ್ಲ ನೆಲಕ್ಕೆ ಉದುರಿಸುತ್ತದೆ. ಹೊಸಬನಾದ ನನ್ನ ಕೊರಳಿಗೆ ಈ ಮೂರೂ ಒಂದರ ಹಿಂದೊಂದು ಬಿದ್ದವು. ನಿವೃತ್ತಿಯಾಗುವವರೆಗೂ ಇಳಿಯಲಿಲ್ಲ.

ಈಗ ಕೇಂದ್ರಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನು ಮಾಡಿ, ಸೂರ್ಯಕಾಂತಿಗೆ ಡ್ರಮ್ಮು ಎಷ್ಟು ವೇಗದಲ್ಲಿ ತಿರುಗಬೇಕು, ಜರಡಿ ಎಷ್ಟು ತೆರೆಯಬೇಕು ಎಂದೆಲ್ಲ ಕೇಳುತ್ತಾರೆ. ಅದು ಯಂತ್ರದ ಜೊತೆ ಬರುವ ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಬಡ್ತಿಯ ಕಥೆ ಹೇಳುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಬಡ್ತಿ, ಆಪರೇಟರ್ ಹೋಗಿ ಹಿರಿಯ ಆಪರೇಟರ್ ಆದದ್ದು. ಸೀಟು ಅದೇ, ಸೀಟಿನ ಹರುಕೂ ಅದೇ.

ಕಡಲೆಕಾಯಿಗೆ ಬರುತ್ತೇನೆ. ಹುಲ್ಲಹಳ್ಳಿ ಆಚೆ, ನಾಲೆ ನೀರು ಹತ್ತದ ಕೆಮ್ಮಣ್ಣಿನ ಎತ್ತರದಲ್ಲಿ ಚಿಕ್ಕತಾಯಮ್ಮ ಎಂಬವರ ಹೊಲ. ಆಗ ಅವರಿಗೆ ನಲವತ್ತೈದರ ಆಸುಪಾಸು. ಹೊಲದ ಯಜಮಾನಿಕೆ ಅವರದೇ. ಅವರ ಗಂಡ ಒಳ್ಳೆಯವರು, ದನ ನೋಡಿಕೊಂಡು, ಹೆಂಡತಿಯ ಮಾತಿಗೆ ತಲೆಯಾಡಿಸಿಕೊಂಡು ಇರುತ್ತಿದ್ದರು. ಕಡಲೆಕಾಯಿ ಕೀಳುವ ಯಂತ್ರ ಎಂದರೆ ಟ್ರಾಕ್ಟರಿನ ಹಿಂದೆ ಕಟ್ಟುವ ಒಂದು ಅಗಲವಾದ ಬ್ಲೇಡು, ಅದರ ಹಿಂದೆ ಕಂಬಿಗಳ ಸಾಲು. ಬ್ಲೇಡು ಗಿಡದ ಅಡಿಯಲ್ಲಿ ಮಣ್ಣು ಸೀಳುತ್ತ ಹೋದರೆ ಗಿಡ ಕಾಯಿ ಸಮೇತ ಮೇಲೆದ್ದು, ಕಂಬಿಗಳ ಮೇಲೆ ಮಣ್ಣು ಉದುರಿಸಿಕೊಂಡು ಹಿಂದೆ ಬೀಳುತ್ತದೆ. ಬ್ಲೇಡು ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಪಕ್ಕದ ಲಿವರಿನಲ್ಲಿರುತ್ತದೆ. ಮೇಲೆ ಮೇಲೆ ಹಿಡಿದರೆ ಟ್ರಾಕ್ಟರು ಹಗುರವಾಗಿ ಓಡುತ್ತದೆ. ಹಾಗೇ ಓಡಿಸಿದೆ. ಹಿಂತಿರುಗಿ ನೋಡಿದರೆ ಗಿಡಗಳು ಹಾಸಿದ ಚಾಪೆಯಂತೆ ಸಾಲಾಗಿ ಬಿದ್ದಿದ್ದವು. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ.

ಚಿಕ್ಕತಾಯಮ್ಮ ಹಿಂದಿನಿಂದ ಕೂಗುತ್ತಿದ್ದುದು ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಅವರು ಹೊಲದ ಅಡ್ಡಕ್ಕೆ ಬಿರಬಿರನೆ ನಡೆದು ಬಂದು ಟ್ರಾಕ್ಟರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು.

"ಇಳಿ ಕೆಳಕ್ಕ," ಎಂದರು. ಇಳಿದೆ. ಬಿಗಿ ಹಿಡಿದಿದ್ದ ಮುಷ್ಟಿ ಬಿಚ್ಚಿ ನನ್ನ ಮೂಗಿನ ಮುಂದೆ ಹಿಡಿದರು. "ಇದೇನ್ಲಾ ಮಗ?"

"ಕಡಲೆಕಾಯಿ ಅವ್ವ."

"ಅರ್ಧ ಕಡ್ಲಕಾಯಿ. ಇನ್ನರ್ಧ ಎಲ್ಲದ?"

ನಾನು ನೆಲ ನೋಡಿದೆ.

"ಊಂ, ಅಲ್ಲೇ ಅದ. ಅಲ್ಲಿ ಇಟ್ಟಿರೋನು ನೀನು, ತಗಿಯೋನೂ ನೀನೇ," ಎಂದು ಕೂಲಿಗೆ ಬಂದಿದ್ದ ಹೆಂಗಸೊಬ್ಬರ ಕೈಯಿಂದ ಗುದ್ದಲಿ ಇಸಿದುಕೊಂಡು ನನ್ನ ಕೈಗಿತ್ತರು.

ಮಧ್ಯಾಹ್ನದ ಊಟದವರೆಗೂ ಹೆಂಗಸರ ಸಾಲಿನಲ್ಲಿ ಕೂತು ಮಣ್ಣು ಕೆದಕಿದೆ. ಅವರು ನಕ್ಕು ನಕ್ಕು ಸುಸ್ತಾದರು. ಒಬ್ಬರು, ಟ್ರಾಕ್ಟರು ಓಡಿಸುವುದಕ್ಕಿಂತ ಇದು ನಿನಗೆ ಚೆನ್ನಾಗಿ ಒಗ್ಗುತ್ತದೆ ಎಂದರು. ಊಟವಾದ ಮೇಲೆ ಚಿಕ್ಕತಾಯಮ್ಮ ಒಂದು ಗಿಡವನ್ನು ಮಣ್ಣು ಸಮೇತ ನಾಜೂಕಾಗಿ ಬಿಡಿಸಿ ತೆಗೆದು, ನನ್ನ ಕೈ ಎಳೆದು ಅದರ ಪಕ್ಕಕ್ಕೆ ಹಿಡಿದರು. ಅತಿ ಕೆಳಗಿನ ಕಾಯಿ ನಾಲ್ಕು ಬೆರಳಿನ ಆಳದಲ್ಲಿತ್ತು. "ಅದರಿಂದ ಎರಡು ಬೆಳ್ಳು ಕೆಳಕ್ಕ ಓಗ್ಲಿ ನಿನ್ ಬ್ಲೇಡು. ಎಲ್ಲಿ ಓದ್ರೂ ಮೊದ್ಲು ಒಂದು ಗಿಡ ಕಿತ್ತು ನೋಡು. ಒಂದೊಂದು ಒಲ ಒಂದೊಂದು ತರ ಇರ್ತದ," ಎಂದರು.

ಬುದ್ಧಿ ಬಂತು ಎಂದುಕೊಂಡು ನಾನು ಎರಡರ ಜಾಗದಲ್ಲಿ ನಾಲ್ಕು ಬೆರಳು ಕೆಳಗಿಳಿಸಿದೆ. ಟ್ರಾಕ್ಟರು ಮುಲುಗುತ್ತ ಕುಂಬಳಕಾಯಿ ಗಾತ್ರದ ಹೆಂಟೆಗಳನ್ನು ಎತ್ತೆತ್ತಿ ಹಾಕತೊಡಗಿತು. ಚಿಕ್ಕತಾಯಮ್ಮ ಮತ್ತೆ ಮುಂದೆ ಬಂದು ನಿಂತರು. "ಕಡ್ಲಕಾಯಿ ಕೀಳಪ್ಪ ಅಂದ್ರ ಬಾವಿ ತೋಡ್ತಾ ಇದ್ದೀಯಲ್ಲ," ಎಂದರು. ಮೂರನೆಯ ಸಲಕ್ಕೆ ಸರಿಯಾಯಿತು. ಸಂಜೆ ಹೊರಡುವಾಗ ನಾನು ಕತ್ತರಿಸಿದ್ದ ಕಾಯಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, "ಬೇಯ್ಸ್ಕೊಂಡು ತಿನ್ನು, ನೆನಪಿರ್ಲಿ," ಎಂದು ಕೊಟ್ಟರು. ವಾರವಿಡೀ ಮನೆಯಲ್ಲಿ ಬೇಯಿಸಿದ ಅರ್ಧ ಕಡಲೆಕಾಯಿ. ಅಂದಿನಿಂದ ಕಡೆಯ ದಿನದವರೆಗೂ ಒಂದು ಗಿಡ ಕಿತ್ತು ಬೆರಳು ಇಟ್ಟು ನೋಡದೆ ನಾನು ಲಿವರು ಮುಟ್ಟಿದ್ದಿಲ್ಲ. ತರಬೇತಿಗೆ ಹೋದಾಗ ಅಲ್ಲಿನ ಎಂಜಿನಿಯರೊಬ್ಬರು ಸ್ಕೇಲು ಹಿಡಿದು ಇದನ್ನೇ ಒಂದು ಗಂಟೆ ಪಾಠ ಮಾಡಿದರು.

ಹತ್ತು ಹನ್ನೆರಡು ವರ್ಷ ಹೀಗೇ ಕಳೆಯಿತು. ಆಮೇಲೆ ಕೇಂದ್ರಕ್ಕೆ ಶ್ರೀನಿವಾಸಯ್ಯನವರು ಮ್ಯಾನೇಜರಾಗಿ ಬಂದರು. ಮೈಸೂರಿನವರು. ಯಾವಾಗಲೂ ಬಿಳಿ ಅಂಗಿ. ಗ್ರೀಸು, ಡೀಸೆಲ್ಲು, ಕರಿ ಎಣ್ಣೆಯ ನಡುವೆ ದಿನವಿಡೀ ಓಡಾಡಿ ಸಂಜೆಗೂ ಆ ಅಂಗಿ ಹಾಗೇ ಇರುತ್ತಿತ್ತು. ಅದು ಹೇಗೆಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಪ್ರತಿಯೊಂದಕ್ಕೂ ದಾಸ್ತಾನು ಪುಸ್ತಕ ಬೇಕು. ಯಂತ್ರ ಒರೆಸುವ ಹಳೆ ಬಟ್ಟೆಗೂ ಒಂದು ಪುಸ್ತಕ ಇತ್ತು. ಹೊಸ ಬಟ್ಟೆ ಬೇಕಾದರೆ ಹಳೆಯದನ್ನು ತಂದು ತೋರಿಸಬೇಕು. ಆದರೆ ಮನುಷ್ಯ ಕೆಟ್ಟವರಲ್ಲ. ಯಂತ್ರದ ಬಗ್ಗೆ ಅವರಿಗೆ ಅಪಾರ ಪ್ರೀತಿ, ಕೈಯಿಂದ ಮುಟ್ಟುತ್ತಿರಲಿಲ್ಲ ಅಷ್ಟೆ.

ಅವರ ಕಾಲದಲ್ಲೇ ಕೇಂದ್ರಕ್ಕೆ ಕಂಬೈನು ಬಂತು. ಮುಂದಿನ ಬಾಯಲ್ಲಿ ಕೊಯ್ದು, ಹೊಟ್ಟೆಯಲ್ಲಿ ಬಡಿದು, ಕಾಳನ್ನು ಬೆನ್ನ ಮೇಲಿನ ಟ್ಯಾಂಕಿಗೆ ತುಂಬಿಕೊಂಡು, ಹೊಟ್ಟನ್ನು ಹಿಂದಕ್ಕೆ ಉಗುಳುವ ದೊಡ್ಡ ಯಂತ್ರ. ಭತ್ತಕ್ಕೆಂದು ಮಾಡಿದ್ದು. ಮ್ಯಾನೇಜರಿಗೆ ಅದರಲ್ಲಿ ಎಳ್ಳು ಕೊಯ್ಯಿಸುವ ಆಸೆ ಹುಟ್ಟಿತು.

"ಸಾ, ಎಳ್ಳು ಸಣ್ಣ ಕಾಳು," ಎಂದೆ.

"ಸಣ್ಣದಾದ್ರೆ ಏನ್ರೀ ಪುಟ್ಟಸ್ವಾಮಿ, ಅದೂ ಕಾಳೇ ತಾನೆ," ಎಂದರು.

ತಲಕಾಡಿನ ಹತ್ತಿರ ಒಬ್ಬ ರೈತರು ಧೈರ್ಯ ಮಾಡಿ ಹೊಲ ಕೊಟ್ಟರು. ಶಾಮಿಯಾನ ಹಾಕಿಸಿ, ಸುತ್ತಲಿನ ಊರುಗಳವರನ್ನು ಕರೆಸಿ, ಮ್ಯಾನೇಜರು ಭಾಷಣ ಮಾಡಿದರು. ನಾನು ಯಂತ್ರ ಬಿಟ್ಟೆ. ಮೂತಿ ತಗುಲುತ್ತಿದ್ದಂತೆಯೇ ಒಣಗಿದ ಕಾಯಿಗಳು ಬಾಯಿ ಬಿಟ್ಟು ಅರ್ಧ ಎಳ್ಳು ನೆಲಕ್ಕೆ ಹೋಯಿತು. ಒಳಗೆ ಬಂದ ಅರ್ಧದಲ್ಲಿ ಬಹುಪಾಲನ್ನು ಫ್ಯಾನು ಹೊಟ್ಟಿನ ಜೊತೆ ಹಿಂದಕ್ಕೆ ಊದಿತು. ಇಡೀ ಹೊಲ ಮುಗಿಸಿ ಟ್ಯಾಂಕು ಇಣುಕಿದರೆ ತಳ ಕಾಣುತ್ತಿತ್ತು. ಕೊಯ್ಯುವಾಗ ಟ್ಯಾಂಕಿಗೆ ಬೀಳುವುದನ್ನು ನನ್ನ ಕಣ್ಣಾರೆ ನೋಡಿದ್ದೆನಲ್ಲ ಎಂದು ಕೆಳಗೆ ಬಗ್ಗಿ ನೋಡಿದೆ. ಭತ್ತದ ಕಾಳು ತೂರದ ಎಷ್ಟೋ ಸಂದಿಗಳಿಂದ ಎಳ್ಳು ಸಣ್ಣಗೆ, ಮರಳು ಗಡಿಯಾರದ ಹಾಗೆ ಸುರಿಯುತ್ತಿತ್ತು. ಹೊಲದವರು ಮನೆಯಿಂದ ಪೊರಕೆ, ಮೊರ ತರಿಸಿದರು. ಶಾಮಿಯಾನದಲ್ಲಿದ್ದ ಜನವೂ ಎದ್ದು ಬಂದು ಗುಡಿಸುವುದಕ್ಕೆ ನಿಂತರು. ಮ್ಯಾನೇಜರು ಬಿಳಿ ಅಂಗಿಯಲ್ಲೇ ಮೊಣಕಾಲೂರಿ ಎರಡು ಗಂಟೆ ಎಳ್ಳು ಬಾಚಿದರು. ಆ ದಿನದಿಂದ ಅವರನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಆದರೆ ಆ ದಿನದ ಪೂರ್ತಿ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಯಂತ್ರವನ್ನು ನರಸೀಪುರದ ಶೆಡ್ಡಿಗೆ ಸೇರಿಸಬೇಕಾಗಿತ್ತು. ದಾರಿಯಲ್ಲಿ ಮುಡುಕುತೊರೆಯ ಹತ್ತಿರ ಎಡಕ್ಕೆ ತಿರುಗಿದರೆ ನನ್ನ ಅತ್ತೆಯ ಊರು. ಅಳಿಯ ಏನೋ ದೊಡ್ಡ ಗಾಡಿ ಓಡಿಸುತ್ತಾನಂತೆ ಎಂದು ಅವರು ಊರಿಗೆಲ್ಲ ಹೇಳಿಕೊಂಡಿದ್ದರು, ಆ ಗಾಡಿಯನ್ನು ಕಂಡಿರಲಿಲ್ಲ. ಮನಸ್ಸು ನೊಂದಿತ್ತು, ಹೊಟ್ಟೆ ಹಸಿದಿತ್ತು. ಎಡಕ್ಕೆ ತಿರುಗಿಸಿದೆ. ಅತ್ತೆಯ ಮನೆ ಮುಂದೆ ಕಂಬೈನು ನಿಲ್ಲಿಸಿ, ಊರಿನವರೆಲ್ಲ ಸುತ್ತ ನಿಂತು ನೋಡುತ್ತಿರುವಾಗ ಒಳಗೆ ಕೂತು ರಾಗಿಮುದ್ದೆ, ಅವರೆಕಾಳಿನ ಸಾರು ಉಂಡು, ಆಮೇಲೆ ಶೆಡ್ಡಿಗೆ ಹೋಗಿ ಲಾಗ್ ಪುಸ್ತಕದಲ್ಲಿ "ಹೊಲದಿಂದ ನೇರ ಶೆಡ್ಡಿಗೆ" ಎಂದು ಬರೆದೆ.

ಆಮೇಲೆ ಚೆನ್ನಾಗಿ ಮಳೆ ಬಂತು. ಒಂದೂವರೆ ತಿಂಗಳ ನಂತರ ಮ್ಯಾನೇಜರು ಮತ್ತು ನಾನು ಅದೇ ದಾರಿಯಲ್ಲಿ ಜೀಪಿನಲ್ಲಿ ಹೋಗುತ್ತಿದ್ದೆವು. ಅವರು ಕಿಟಕಿಯಿಂದ ಆಚೆ ನೋಡುತ್ತ ಕೂತವರು ಇದ್ದಕ್ಕಿದ್ದಂತೆ ಡ್ರೈವರಿಗೆ ಗಾಡಿ ನಿಧಾನ ಮಾಡಲು ಹೇಳಿದರು. ರಸ್ತೆಯ ಅಂಚಿನ ಮಣ್ಣಿನಲ್ಲಿ, ಯಾರೋ ಹಗ್ಗ ಹಿಡಿದು ಬಿತ್ತಿದ ಹಾಗೆ, ಎಳ್ಳಿನ ಗಿಡಗಳು ಒಂದೇ ಸಾಲಿನಲ್ಲಿ ಎದ್ದು ನಿಂತು ಹೂ ಬಿಟ್ಟಿದ್ದವು. ಯಂತ್ರದ ಸಂದಿಗೊಂದಿಯಲ್ಲಿ ಉಳಿದಿದ್ದ ಎಳ್ಳು ದಾರಿಯುದ್ದಕ್ಕೂ ಉದುರಿತ್ತು.

"ನಮ್ಮ ಎಳ್ಳು ಅಲ್ವೇನ್ರೀ ಇದು?"

"ಇರಬಹುದು ಸಾ."

ಕವಲು ದಾರಿ ಬಂತು. ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡರು. "ಪುಟ್ಟಸ್ವಾಮಿ, ಎಳ್ಳು ಎಡಕ್ಕೆ ತಿರುಗಿದೆಯಲ್ಲ?"

ಅವರು ಜೀಪನ್ನು ಎಡಕ್ಕೆ ತಿರುಗಿಸಲು ಹೇಳಿದರು. ಎಳ್ಳು ಊರ ಬಾಗಿಲು ದಾಟಿ, ಬೀದಿ ಹಿಡಿದು, ಒಂದು ಮನೆಯ ಮುಂದೆ ದಟ್ಟವಾಗಿ, ಒಂದು ಸಣ್ಣ ಮಡಿಯಂತೆಯೇ ಬೆಳೆದಿತ್ತು. ಯಂತ್ರ ಒಂದು ಗಂಟೆ ನಿಂತ ಜಾಗ ಅದು. ಅತ್ತೆ ಆಚೆ ಬಂದು, "ಅಯ್, ಅಳಿಯಂದ್ರು ಬಂದವ್ರೆ. ಇವರ್ಯಾರಪ್ಪ, ಬನ್ನಿ ಸಾಮಿ ಒಳಕ್ಕ, ಓದ್ಸಲ ಮಿಷನ್ನು ತಂದಾಗ ನೀವು ಬರ್ಲೇ ಇಲ್ಲ," ಎಂದರು. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

ಮ್ಯಾನೇಜರು ಒಳಗೆ ಬಂದರು. ಕೂತರು. ಅತ್ತೆ ಬಡಿಸಿದ್ದನ್ನು ಉಂಡರು, ಎರಡನೆಯ ಸಲವೂ ಹಾಕಿಸಿಕೊಂಡರು. ಶೆಡ್ಡು ಮುಟ್ಟಿದ ಮೇಲೆ ಲಾಗ್ ಪುಸ್ತಕ ತರಿಸಿ, ನಾನು ಬರೆದ ಸಾಲಿನ ಕೆಳಗೆ ತಮ್ಮ ಕೈಯಿಂದಲೇ "ಎಳ್ಳಿನ ಪ್ರಕಾರ ನೇರ ಅಲ್ಲ" ಎಂದು ಬರೆದು ಸಹಿ ಹಾಕಿದರು. ಶಿಕ್ಷೆ ಅಷ್ಟೇ. ಇವತ್ತಿನ ಯಂತ್ರಗಳಲ್ಲಿ ಜಿಪಿಎಸ್ ಇರುತ್ತದೆ, ಎಲ್ಲಿ ಹೋಯಿತು ಎಲ್ಲಿ ನಿಂತಿತು ಎಂದು ಮ್ಯಾನೇಜರಿನ ಮೊಬೈಲಿಗೆ ಸುದ್ದಿ ಹೋಗುತ್ತದೆ. ನಮ್ಮ ಕಾಲದಲ್ಲಿ ಆ ಕೆಲಸ ಎಳ್ಳು ಮಾಡಿತು.

ಎಳ್ಳಿನ ಹೊಲಕ್ಕೆ ಕಂಬೈನು ಮತ್ತೆ ಹೋಗಲಿಲ್ಲ. ಎಳ್ಳನ್ನು ಇವತ್ತಿಗೂ ಕುಡುಗೋಲಿನಲ್ಲಿ ಕೊಯ್ದು, ಕಂತೆ ಕಟ್ಟಿ ನಿಲ್ಲಿಸಿ, ಒಣಗಿದ ಮೇಲೆ ಬಟ್ಟೆಯ ಮೇಲೆ ತಲೆಕೆಳಗು ಮಾಡಿ ಕೊಡವುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಯಂತ್ರ ಓಡಿಸುವವನು ಹೀಗೆ ಹೇಳಬಾರದೇನೋ. ಆದರೆ ಯಾವ ಹೊಲಕ್ಕೆ ಹೋಗಬಾರದು ಎಂದು ಹೇಳುವುದೂ ನಮ್ಮ ಕೆಲಸದಲ್ಲಿ ಸೇರಿದೆ.

ಸೂರ್ಯಕಾಂತಿಯ ಕಥೆ ಬೇರೆ. ನಾನು ಕೆಲಸಕ್ಕೆ ಸೇರಿದಾಗ ಹೂವಿನ ತಲೆಗಳನ್ನು ಕೊಯ್ದು, ಕಣದಲ್ಲಿ ಒಣಗಿಸಿ, ಕೋಲಿನಿಂದ ಬಡಿಯುತ್ತಿದ್ದರು. ಆಮೇಲೆ ಬಡಿಯುವ ಯಂತ್ರ ಬಂತು. ಅದನ್ನು ಚಾಲೂ ಮಾಡಿದರೆ ಅಕ್ಕಪಕ್ಕದ ಮನೆಯ ಪಾತ್ರೆಗಳೂ ಅಲುಗುತ್ತಿದ್ದವು. ಕಂಬೈನು ಬಂದ ಮೇಲೆ ಅದರಲ್ಲೇ ಕೊಯ್ಯಿಸಿ ಎಂದು ರೈತರು ಕೇಳತೊಡಗಿದರು. ಆದರೆ ಗಿಡವನ್ನು ಒಳಕ್ಕೆ ತಳ್ಳಲು ಮೂತಿಯ ಮುಂದೆ ತಿರುಗುವ ರೀಲು ತಲೆಗಳಿಗೆ ಬಡಿದು ಕಾಳು ನೆಲದ ಪಾಲಾಗುತ್ತಿತ್ತು. ನರಸೀಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಬಾಬು ಸಾಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಬೀಡಿ ಆರಿಸಿ, "ಮನೇಲಿ ಮೊರ ನೋಡಿದ್ದೀರಾ ಸ್ವಾಮಿ? ಅದನ್ನೇ ಉದ್ದ ಮಾಡಿ ಮುಂದಕ್ಕೆ ಕಟ್ಟಿದ್ರಾಯ್ತು, ಬಿದ್ದಿದ್ದೆಲ್ಲ ಅದ್ರಲ್ಲೇ ಬೀಳತ್ತೆ," ಎಂದರು. ಹಳೆಯ ಡ್ರಮ್ಮುಗಳ ತಗಡು ಕತ್ತರಿಸಿ, ದೋಣಿಯಾಕಾರದ ಉದ್ದ ತಟ್ಟೆಗಳನ್ನು ಮಾಡಿ ಮೂತಿಯ ಮುಂದೆ ಸಾಲಾಗಿ ಜೋಡಿಸಿದರು. ಗಿಡ ಎರಡು ತಟ್ಟೆಗಳ ನಡುವೆ ತೂರಿಕೊಂಡು ಬರುತ್ತದೆ, ಉದುರಿದ ಕಾಳು ತಟ್ಟೆಗೆ ಬಿದ್ದು ಒಳಕ್ಕೆ ಜಾರುತ್ತದೆ. ಈಗ ಅಂಥವು ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುತ್ತವೆ. ನಾವು ಮೊದಲು ಕಂಡದ್ದು ಬಾಬು ಸಾಬರ ಕೈಯಲ್ಲಿ.

ಅದರ ಮೊದಲ ಪರೀಕ್ಷೆಗೆ ಹೊಲ ಕೊಟ್ಟವರು ಚಿಕ್ಕತಾಯಮ್ಮ. ಅಷ್ಟು ಹೊತ್ತಿಗೆ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು. ಕಡಲೆಕಾಯಿ ಬಿಟ್ಟು ಮೂರು ಎಕರೆ ಸೂರ್ಯಕಾಂತಿ ಹಾಕಿದ್ದರು. ಯಾಕೆಂದು ಕೇಳಿದರೆ, "ಕಾಡಂದಿಗ ಬೇಸಾಯ ಮಾಡಿ ಸಾಕಾಯ್ತು ಕಣಪ್ಪ. ಈಗ ಗಿಳಿಗ ಮಾಡ್ತಾ ಇವ್ನಿ," ಎಂದರು.

ಸಂಕ್ರಾಂತಿ ಕಳೆದು ಬಿಸಿಲು ಬಿರುಸಾಗಿತ್ತು. ಹೂವಿನ ಬೆನ್ನು ಹಳದಿ ಹೋಗಿ ಕಂದಾಗಿ, ಕಾಳು ಉಗುರಿನಿಂದ ತಟ್ಟಿದರೆ ಟಣ್ ಎನ್ನುವ ಹದ. ಬೆಳಿಗ್ಗೆ ಕೊಯ್ಲು ಶುರು ಮಾಡಿದೆವು. ಮ್ಯಾನೇಜರು ಒಂದು ಕಬ್ಬಿಣದ ಚೌಕ ತಂದಿದ್ದರು. ಅದನ್ನು ಅಲ್ಲಲ್ಲಿ ನೆಲದ ಮೇಲಿಟ್ಟು ಅದರೊಳಗೆ ಬಿದ್ದ ಕಾಳುಗಳನ್ನು ಎಣಿಸಿ, ಎಷ್ಟು ನಷ್ಟವಾಗುತ್ತಿದೆ ಎಂದು ಲೆಕ್ಕ ಹಾಕುವುದು ಅವರ ಯೋಜನೆ. ಚಿಕ್ಕತಾಯಮ್ಮ ಸ್ವಲ್ಪ ಹೊತ್ತು ಅವರ ಬೆನ್ನ ಹಿಂದೆ ನಿಂತು ನೋಡಿದರು.

"ಏನ್ ಹುಡುಕ್ತಾ ಇದ್ದೀರಿ ಸಾಮಿ, ಏನಾರ ಬಿದ್ದೋಯ್ತಾ?"

"ಇಲ್ಲಮ್ಮ, ಕಾಳೆಷ್ಟು ಉದುರಿದೆ ಅಂತ ನೋಡ್ತಿದ್ದೀನಿ."

"ಅದ್ಕ ಯಾಕ ಅಷ್ಟು ಬಗ್ಗೋದು? ಪಾರಿವಾಳ ಎಲ್ ಕೂತ್ಕತವ ನೋಡಿ. ಕಾಳು ಇರೋ ಕಡ ಕೂತ್ಕತವ, ಇಲ್ದೇ ಇರೋ ಕಡ ಕೂರಲ್ಲ."

ಮ್ಯಾನೇಜರು ತಲೆ ಎತ್ತಿ ನೋಡಿದರು. ನಾನು ಬೆಳಿಗ್ಗೆ ವೇಗವಾಗಿ ಓಡಿಸಿದ್ದ ಎರಡು ಸಾಲುಗಳ ಮೇಲೆ ಪಾರಿವಾಳಗಳ ಗುಂಪು ಇಳಿದಿತ್ತು. ಆಮೇಲೆ ನಿಧಾನಿಸಿದ ಸಾಲುಗಳಲ್ಲಿ ಒಂದೂ ಇರಲಿಲ್ಲ. ಅವರು ಚೌಕವನ್ನು ಜೀಪಿನಲ್ಲಿಟ್ಟು ಬಂದರು.

ಮಧ್ಯಾಹ್ನದ ಹೊತ್ತಿಗೆ ಎರಡು ಎಕರೆ ಮುಗಿದಿತ್ತು. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು, ಹೊಸಬರು ಇದನ್ನು ಎರಡು ಸಲ ಓದಿಕೊಳ್ಳಲಿ. ಸೂರ್ಯಕಾಂತಿ ಒಣಗಿದಾಗ ಅದರ ತಲೆಯೊಳಗಿನ ತಿರುಳು ಹತ್ತಿಯಂತೆ ನವಿರಾದ ಪುಡಿಯಾಗಿ ಹಾರಾಡುತ್ತದೆ. ಎಂಜಿನ್ನಿನ ಮೈಗೆ, ಸೈಲೆನ್ಸರಿನ ಸುತ್ತ ಅಂಟಿಕೊಳ್ಳುತ್ತದೆ. ಗಂಟೆಗೊಮ್ಮೆ ನಿಲ್ಲಿಸಿ ಗುಡಿಸಬೇಕು. ಬೆಳಿಗ್ಗೆಯಿಂದ ಗುಡಿಸಿದ್ದೆ. ಕೊಯ್ಲು ಸೊಗಸಾಗಿ ಸಾಗುತ್ತಿದೆ, ಊಟಕ್ಕೆ ನಿಲ್ಲಿಸಿದಾಗ ನೋಡೋಣ ಎಂದು ಒಂದು ಸಲ ಬಿಟ್ಟೆ. ಒಂದೇ ಸಲ.

ಮೊದಲು ಸೂರ್ಯಕಾಂತಿ ಬೀಜ ಹುರಿದ ವಾಸನೆ ಬಂತು. ಚೆನ್ನಾಗಿದೆಯಲ್ಲ ಎಂದುಕೊಂಡೆ. ಬದುವಿನ ಮೇಲೆ ಚಿಕ್ಕತಾಯಮ್ಮ ಸೆರಗು ಬೀಸುತ್ತಿರುವುದು ಕಂಡಿತು. ಗಿಳಿ ಓಡಿಸುತ್ತಿದ್ದಾರೆ ಎಂದು ತಿಳಿದು ನಾನೂ ಕೈ ಬೀಸಿದೆ. ಬೆನ್ನಿಗೆ ಬಿಸಿ ತಾಕಿ ತಿರುಗಿ ನೋಡಿದಾಗ ಸೀಟಿನ ಹಿಂದೆ ಬೆಂಕಿ ಆಳೆತ್ತರಕ್ಕೆ ಎದ್ದಿತ್ತು.

ಸುತ್ತಲೂ ಒಂದು ಎಕರೆ ಒಣಗಿದ ಸೂರ್ಯಕಾಂತಿ ನಿಂತಿತ್ತು. ಅದಕ್ಕೆ ಕಿಡಿ ಹತ್ತಿದ್ದರೆ ಪಕ್ಕದವರ ಹೊಲ, ಹುಲ್ಲಿನ ಮೆದೆ, ದನದ ಕೊಟ್ಟಿಗೆ, ಯಾವುದೂ ಉಳಿಯುತ್ತಿರಲಿಲ್ಲ. ನಾನು ಹಾರಲಿಲ್ಲ. ಯಂತ್ರ ಬೆಂಕಿ ಹೊತ್ತುಕೊಂಡೇ ಮುಂದಕ್ಕೆ ನುಗ್ಗಿ, ಸಾಲುಗಳನ್ನು ಸೀಳಿಕೊಂಡು, ಬದು ಹತ್ತಿಳಿದು, ಪಕ್ಕದ ಉತ್ತ ಹೊಲದ ಬರೀ ಮಣ್ಣಿಗೆ ಹೋಗಿ ನಿಂತಿತು. ಆಮೇಲೆ ಇಳಿದೆನೋ ಬಿದ್ದೆನೋ ನೆನಪಿಲ್ಲ.

ಮ್ಯಾನೇಜರು ಓಡಿ ಬಂದರು. "ಬೆಂಕಿ ಆರಿಸೋ ಸಿಲಿಂಡರ್ ಎಲ್ರೀ?"

"ಸಾ, ನಿಮ್ಮ ಅಲ್ಮೇರದಲ್ಲಿ. ಕಳೆದುಹೋಗುತ್ತೆ ಅಂತ ನೀವೇ ಬೀಗ ಹಾಕಿಟ್ರಿ."

ಅವರು ಬೊಗಸೆಯಲ್ಲೇ ಮಣ್ಣು ಎತ್ತಿ ಎರಚತೊಡಗಿದರು. ನಾನೂ ಎರಚಿದೆ. ಚಿಕ್ಕತಾಯಮ್ಮ ಕೂಲಿಯವರಿಗೆಂದು ತಂದಿದ್ದ ಮಜ್ಜಿಗೆಯ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಮ್ಯಾನೇಜರು ತಮ್ಮ ಬಿಳಿ ಅಂಗಿ ಬಿಚ್ಚಿ ಅದರಲ್ಲಿ ಅದ್ದಿ ಬೆಂಕಿಗೆ ಬಡಿದರು. ಉಳಿದದ್ದನ್ನು ಚಿಕ್ಕತಾಯಮ್ಮ ಎಂಜಿನ್ನಿನ ಮೇಲೇ ಬಗ್ಗಿಸಿದರು. ಬೆಂಕಿ ಆರಿತು. ಒಂದು ಬೆಲ್ಟು, ಒಂದಷ್ಟು ವೈರು, ಸೀಟಿನ ಬೆನ್ನು ಸುಟ್ಟಿದ್ದವು. ಒಗ್ಗರಣೆ ಹಾಕಿದ ಮಜ್ಜಿಗೆಯಾದ್ದರಿಂದ ಆ ಯಂತ್ರ ಬಿಸಿಯಾದಾಗಲೆಲ್ಲ ಬಹಳ ಕಾಲ ಕರಿಬೇವಿನ ವಾಸನೆ ಬರುತ್ತಿತ್ತು.

ಅಲ್ಲಿಂದ ನನಗೆ ಬೇರೆಯೇ ಕಷ್ಟ ಶುರುವಾಯಿತು. ಉರಿಯುವ ಸೀಟಿನಲ್ಲಿ ಕೂತೇ ಯಂತ್ರವನ್ನು ಬೆಳೆಯಿಂದಾಚೆಗೆ ಓಡಿಸಿದ ಗಂಡು ಎಂದು ಊರೆಲ್ಲ ಮಾತಾಯಿತು. ಯಾರೋ ತೆಗೆದಿದ್ದ ಫೋಟೋ ವಾಟ್ಸಾಪಿನಲ್ಲಿ ಓಡಾಡಿತು. ಮ್ಯಾನೇಜರು ನನ್ನ ಧೈರ್ಯ ಹೊಗಳಿ ಮೇಲಿನವರಿಗೆ ಕಾಗದ ಬರೆದರು. ಯಾರಾದರೂ ಹೊಗಳಲು ಶುರು ಮಾಡಿದರೆ ನಾನು ಎದ್ದು ಆಚೆ ಹೋಗುತ್ತಿದ್ದೆ. ಯಂತ್ರ ಮೂರು ದಿನದಲ್ಲಿ ರಿಪೇರಿಯಾಗಿ ಬಂತು. ಏಣಿಗೆ ಕೈ ಹಾಕಿದೆ. ಕಾಲು ಮೇಲೇಳಲಿಲ್ಲ. ಕಂಬೈನು ಬಂದ ದಿನದಿಂದ ಹತ್ತಿ ಇಳಿದ ಏಣಿ ಅದು.

ಮ್ಯಾನೇಜರ ಬಳಿ ಹೋಗಿ, "ಸಾ, ನನ್ನನ್ನ ಸ್ಟೋರಿಗೆ ಹಾಕಿ. ಬಟ್ಟೆ ಪುಸ್ತಕನಾದ್ರೂ ಬರಕೊಂಡಿರ್ತೀನಿ," ಎಂದೆ. ಅವರು, ಬೇರೆ ಕಡೆಯಿಂದ ಆಪರೇಟರನ್ನು ಕರೆಸುತ್ತೇನೆ, ಒಂದು ವಾರ ಆಗಬಹುದು ಎಂದರು. ಒಂದು ವಾರದಲ್ಲಿ ಆ ಒಂದು ಎಕರೆಯ ಪಾಡು ಏನಾಗುತ್ತದೆಂದು ನನಗೂ ಗೊತ್ತಿತ್ತು, ಗಿಳಿಗಳಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಚಿಕ್ಕತಾಯಮ್ಮ ಹುಲ್ಲಹಳ್ಳಿ ಬಸ್ಸಿನಲ್ಲಿ ಬಂದು ಇಳಿದರು. ಕೇಂದ್ರದ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕಾಫಿ ತರಿಸಿ ಕೊಟ್ಟೆ, ಕುಡಿದು ಲೋಟ ಕೆಳಗಿಟ್ಟರು.

"ಅವತ್ತು ನೆಗ್ದು ಓಡೋಗ್ಬೋದಿತ್ತು ನೀನು," ಎಂದರು. "ಯಾಕ್ ಓಗ್ಲಿಲ್ಲ ಮಗ?"

ನಾಲ್ಕು ದಿನದಿಂದ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಉತ್ತರವನ್ನು ತಾವೇ ಹೇಳಿಕೊಂಡಿದ್ದರು. ಹೆಂಡತಿಗೂ ಹೇಳದಿದ್ದುದು ನನ್ನ ಬಾಯಿಂದ ಬಂತು.

"ನೆಗೀಬೇಕು ಅಂತ್ಲೇ ಎದ್ದೆ ಅವ್ವ. ಕ್ಲಚ್ಚು ತುಳಿದು ಗಾಡಿ ನಿಲ್ಲಿಸ್ದೆ. ಎದ್ದರೆ ಚಪ್ಪಲಿ ಪಟ್ಟಿ ಪೆಡಲಿಗೆ ಸಿಕ್ಕಾಕೊಂಡುಬುಟ್ಟದೆ. ಕಾಲು ಎಳೆದ್ನಲ್ಲ, ಕ್ಲಚ್ಚು ಬಿಟ್ಕೊಂಡು ಗಾಡಿ ತಾನೇ ಓಯ್ತು. ನಾನು ಸ್ಟೀರಿಂಗು ಹಿಡ್ಕೊಂಡಿದ್ದು ಬೀಳ್ಬಾರ್ದು ಅಂತ, ಓಡಿಸೋಕಲ್ಲ. ಬದುವಿನ ಮೇಲೆ ಎಗರ್ದಾಗ ಪಟ್ಟಿ ಕಿತ್ತೋಯ್ತು. ಅಷ್ಟೊತ್ತಿಗೆ ಉತ್ತ ಒಲಕ್ಕೆ ಬಂದಿತ್ತು. ನಾನೇನೂ ಮಾಡ್ಲಿಲ್ಲ ಅವ್ವ. ಓಡೋಗ್ತಿದ್ದೆ ನಾನು."

ಚಿಕ್ಕತಾಯಮ್ಮ ಮುಂದಿನ ರಸ್ತೆಯನ್ನೇ ನೋಡುತ್ತ ಕೂತರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಎಂದು ಗಾಬರಿಯಾಗಿ ತಿರುಗಿ ನೋಡಿದೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನಾನೂ ಓಡೋಗ್ತಿದ್ದೆ ಬುಡು," ಎಂದರು. ಆಮೇಲೆ ಎದ್ದು ನಿಂತು ಸೀರೆ ಕೊಡವಿಕೊಂಡರು. "ಒಳ್ಳೇದಾಯ್ತು ನಿನ್ ಚಪ್ಲಿಗಾರ ಬುದ್ದಿ ಇತ್ತಲ್ಲ. ಇವತ್ತೂ ಅದನ್ನೇ ಮೆಟ್ಕೊಂಡ್ ಬಾ, ನಡಿ."

ನನಗೂ ನಗು ಬಂತು. ನಾಲ್ಕು ದಿನದಲ್ಲಿ ಮೊದಲ ಸಲ. ನಕ್ಕ ಮೇಲೆ ಏಣಿಯ ಹತ್ತಿರ ಹೋದೆ. ಈ ಸಲ ಕಾಲು ಮೇಲೆದ್ದಿತು. ಮ್ಯಾನೇಜರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಅವರು ಒಳಗೆ ಹೋಗಿ ಅಲ್ಮೇರದ ಬೀಗ ತೆಗೆದು, ಕೆಂಪು ಸಿಲಿಂಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ನನ್ನ ಹಿಂದೆ ಬಂದರು.

ಆ ಒಂದು ಎಕರೆಯನ್ನು ಅವತ್ತೇ ಕೊಯ್ದೆವು. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಗುಡಿಸಿದೆ. ಚಿಕ್ಕತಾಯಮ್ಮ ಕೊಡದ ತುಂಬ ನೀರು ತುಂಬಿಕೊಂಡು ಬದುವಿನ ಮೇಲೆ ನಿಂತಿದ್ದರು. ಪ್ರತಿ ತಿರುವಿನಲ್ಲೂ ನಾನು ಆ ಕಡೆ ನೋಡುತ್ತಿದ್ದೆ, ಪ್ರತಿ ತಿರುವಿನಲ್ಲೂ ಅವರು ಕೊಡ ಎತ್ತಿ ತೋರಿಸುತ್ತಿದ್ದರು. ಕೊನೆಯ ಸಾಲು ಮುಗಿಸಿ ಎಂಜಿನ್ ಆರಿಸಿ ಕೆಳಗಿಳಿದಾಗ ಅವರು ಹತ್ತಿರ ಬಂದು, ಕೈ ನೀಡು ಎಂದರು. ನೀಡಿದೆ. ಕೊಡ ಬಗ್ಗಿಸಿ ನನ್ನ ಎರಡೂ ಕೈಗಳ ಮೇಲೆ ಸುರಿದರು. ದಿನವಿಡೀ ಬಿಸಿಲಲ್ಲಿದ್ದ ನೀರು ಬೆಚ್ಚಗಾಗಿತ್ತು. ಮೊಣಕೈವರೆಗೆ ಅಂಟಿದ್ದ ಹೂವಿನ ಪುಡಿ ತೊಳೆದು ಹೋಗುವವರೆಗೂ ಅವರು ಸುರಿಯುತ್ತಲೇ ಇದ್ದರು.